ಜಿಪ್‌ಲೈನ್ ತಂತಿಯನ್ನು ಕೊನೆಯ ಬಾರಿ ನೋಡಿದವರು ಯಾರು?

2024ರ ಮೇ ತಿಂಗಳ ಒಂದು ಭಾನುವಾರ, ಹಾರೋಹಳ್ಳಿ ಸಮೀಪದ ರೆಸಾರ್ಟೊಂದರಲ್ಲಿ ಜಿಪ್‌ಲೈನ್ ತಂತಿ ತುಂಡಾಗಿ ಬೆಂಗಳೂರಿನ 35 ವರ್ಷದ ಮಹಿಳೆಯೊಬ್ಬರು ಬಿದ್ದು ತೀರಿಕೊಂಡರು. ಗುಂಪಿನೊಂದಿಗೆ ರಜೆ ಕಳೆಯಲು ಹೋಗಿದ್ದವರು ಅವರು. ಎಷ್ಟು ಎತ್ತರದಿಂದ ಬಿದ್ದರು, ಯಾರ ಮೇಲೆ ದೂರು ದಾಖಲಾಯಿತು ಎಂಬುದೆಲ್ಲ ಸುದ್ದಿಯಾಯಿತು. ಆ ತಂತಿಯನ್ನು ಅದಕ್ಕೂ ಮೊದಲು ಯಾರು, ಯಾವ ದಿನ ಪರೀಕ್ಷಿಸಿದ್ದರು ಎಂಬ ಪ್ರಶ್ನೆ ಮಾತ್ರ ಸಾರ್ವಜನಿಕ ಚರ್ಚೆಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಬೆಂಗಳೂರಿನ ಸುತ್ತ ಇವತ್ತು ನಿಂತಿರುವ ಒಂದೊಂದು ಜಿಪ್‌ಲೈನ್‌ಗೂ ಈ ಪ್ರಶ್ನೆ ಕೇಳಬೇಕಾಗಿದೆ. ಇನ್ನೊಂದು ಸಾವು ಆಗುವವರೆಗೆ ಕಾಯುವುದು ಬೇಡ.

ಸಾವನದುರ್ಗ, ರಾಮದೇವರ ಬೆಟ್ಟ, ಮಾಕಳಿದುರ್ಗ, ಸ್ಕಂದಗಿರಿ, ಅಂತರಗಂಗೆ, ಕಾವೇರಿ ದಡದ ಭೀಮೇಶ್ವರಿ ಎಲ್ಲವೂ ನಗರದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವಷ್ಟು ದೂರದಲ್ಲಿವೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತವರಿಗೆ ಬಂಡೆಯನ್ನು ಕೈಯಾರೆ ಹಿಡಿದು ಹತ್ತಬೇಕು, ಹೊಳೆಯಲ್ಲಿ ಹುಟ್ಟು ಹಾಕಬೇಕು ಅನ್ನಿಸುವುದು ಆರೋಗ್ಯದ ಲಕ್ಷಣ. ಆ ಆಸೆಗೆ ಅಡ್ಡ ಬರುವ ಇರಾದೆ ನಮ್ಮದಲ್ಲ. ಆದರೆ ಮೊದಲ ಸಲ ಹಾರ್ನೆಸ್ ತೊಡುವವರಿಗೆ ಅದು ಹೊಸದೋ ಹಳೆಯದೋ ತಿಳಿಯುವುದಿಲ್ಲ. ಗಂಟು ಸರಿ ಬಿದ್ದಿದೆಯೇ ಎಂದು ನೋಡುವ ಕಣ್ಣು ಅವರಿಗಿಲ್ಲ. ಹಾಗಾಗಿ ಅವರು ಪೂರ್ತಿಯಾಗಿ ಇನ್ನೊಬ್ಬರ ಮಾತಿನ ಮೇಲೆ ನಿಂತಿರುತ್ತಾರೆ.

ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಬೇಕೆಂಬ ಏರ್ಪಾಟೇ ಅಪಾಯದ ಮೊದಲ ಗುರುತು. ಶುಕ್ರವಾರ ಕಚೇರಿ ಮುಗಿಸಿ ನಡುರಾತ್ರಿಗೆ ಟೆಂಪೋ ಟ್ರಾವೆಲರ್ ಹತ್ತುತ್ತಾರೆ. ನಿದ್ದೆ ಇಲ್ಲದೆ ಕತ್ತಲಲ್ಲಿ ಬೆಟ್ಟ ಏರಿ ಸೂರ್ಯೋದಯ ನೋಡುತ್ತಾರೆ. ಇಳಿದು ತಿಂಡಿ ತಿಂದು, ಕಾದ ಬಂಡೆಯ ಮೇಲೆ ಹಗ್ಗ ಹಿಡಿದು ಇಳಿಯುವ ಆಟ, ಮಧ್ಯಾಹ್ನ ಜಿಪ್‌ಲೈನ್, ಸಂಜೆ ಕಯಾಕ್. ಹಣ ಕೊಟ್ಟಾಗಿದೆ, ಪಟ್ಟಿಯಲ್ಲಿ ಇರುವುದೆಲ್ಲ ಆಗಲೇಬೇಕು. ಕಾಲು ನಡುಗುತ್ತಿದ್ದರೂ ಗುಂಪಿನ ಮುಂದೆ ಬೇಡ ಎನ್ನಲು ಸಂಕೋಚ. ಹಗ್ಗ ಹಿಡಿದು ನಿಂತ ಹುಡುಗನೂ ಬೆಳಗಿನಿಂದ ನಿಂತೇ ಇದ್ದಾನೆ. ಎಷ್ಟನೆಯವರಿಗೆ ಬಕಲ್ ಹಾಕುತ್ತಿದ್ದೇನೆ ಎಂಬ ಲೆಕ್ಕ ಅವನಿಗೂ ತಪ್ಪಿರುತ್ತದೆ. ರಾತ್ರಿ ವಾಪಸು ಗಾಡಿ ಓಡಿಸುವ ಚಾಲಕ ಹಿಂದಿನ ರಾತ್ರಿ ಮಲಗಿದ್ದನೇ ಎಂದು ಯಾರೂ ಕೇಳುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಚಿತ್ರಗಳು ಹರಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಹಾದಿಗಳನ್ನು ಅರಣ್ಯ ಇಲಾಖೆ ಮುಚ್ಚಿತು. ಆಮೇಲೆ ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು, ಬುಕಿಂಗ್‌ಗೆ 'ಅರಣ್ಯ ವಿಹಾರ' ಜಾಲತಾಣ ಬಂತು. ಇದರಿಂದ ಕಾಡಿಗೆ ಉಪಕಾರವಾಗಿದೆ. ಆದರೆ ಈ ನಿಯಮ ಅರಣ್ಯದ ಗಡಿಗೆ ಮುಗಿಯುತ್ತದೆ. ಗಡಿಯಾಚೆಯ ತೋಟದ ರೆಸಾರ್ಟ್, ಕೆರೆಯಂಚಿನ ಕಯಾಕ್ ಶಿಬಿರ, ನೀರು ತುಂಬಿದ ಹಳೆಯ ಕಲ್ಲುಕ್ವಾರಿ ಇದರ ಲೆಕ್ಕಕ್ಕೆ ಬರುವುದಿಲ್ಲ. ಜನರ ಎಣಿಕೆ ಬಿಗಿಯಾಗಿದೆ, ಸಲಕರಣೆಯ ತಪಾಸಣೆ ಸಡಿಲವಾಗಿಯೇ ಉಳಿದಿದೆ. ಕಾಡಿನ ಹಾದಿಯಲ್ಲಿ ಟಿಕೆಟ್ ಸಿಗದವರು ಮನೆಯಲ್ಲಿ ಕೂರುವುದಿಲ್ಲ, ಗಡಿಯಾಚೆಗೇ ಹೋಗುತ್ತಾರೆ.

ಉಕ್ಕಿನ ತಂತಿ ಏಕಾಏಕಿ ತುಂಡಾಗುವುದು ಅಪರೂಪ. ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಹಗ್ಗ ಅದು. ಮಳೆಗೆ ತುಕ್ಕು ಹಿಡಿದು, ಕಂಬಕ್ಕೆ ಬಿಗಿದ ಜಾಗದಲ್ಲಿ ಬಾಗಿ, ಎಳೆಗಳು ಒಂದೊಂದಾಗಿ ಕಡಿಯುತ್ತಾ ಬರುತ್ತವೆ. ತಂತಿಯುದ್ದಕ್ಕೆ ಬಟ್ಟೆ ಸವರಿದರೆ ಕಡಿದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅಷ್ಟು ಸರಳ ಪರೀಕ್ಷೆಯೂ ಬಹಳಷ್ಟನ್ನು ಹೇಳಿಬಿಡುತ್ತದೆ. ಹಾರ್ನೆಸ್‌ನ ನೈಲಾನ್ ಪಟ್ಟಿ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. ಬಳಸದೆ ಇಟ್ಟರೂ ಹತ್ತು ವರ್ಷ ದಾಟಿದ್ದನ್ನು ಬಿಸಾಡಿ ಎಂದು ಹೆಚ್ಚಿನ ತಯಾರಕರೇ ಹೇಳುತ್ತಾರೆ. ಹಾರ್ನೆಸನ್ನು ಹಗ್ಗಕ್ಕೆ ಸಿಕ್ಕಿಸುವ ಕೊಂಡಿಯಾದ ಕ್ಯಾರಬೈನರ್ ಮೇಲೆ ಅದು ತಡೆಯುವ ಭಾರವನ್ನು ಕಿಲೋನ್ಯೂಟನ್‌ನಲ್ಲಿ ಅಚ್ಚೊತ್ತಿರಬೇಕು; ಗುರುತೇ ಇಲ್ಲದ್ದು ಕೀ ಗೊಂಚಲಿಗೆ ಮಾಡಿದ್ದಿರಬಹುದು. ಹೋಗುವವರು ಇವಿಷ್ಟನ್ನು ಕೇಳಲಿ. ಉತ್ತರ ತಡವರಿಸಿದರೆ ಹಣ ಹೋದರೂ ಹೋಗಲಿ, ಇಳಿದು ಬರಲಿ.

ನೀರಿನ ವಿಷಯದಲ್ಲಿ ನಮ್ಮ ಮರೆವು ಇನ್ನೂ ದೊಡ್ಡದು. ಮುತ್ತತ್ತಿಯಿಂದ ಸಂಗಮ, ಮೇಕೆದಾಟಿನವರೆಗೆ ಕಾವೇರಿ ಮೇಲ್ನೋಟಕ್ಕೆ ಸೌಮ್ಯ. ಕೆಳಗೆ ಬಂಡೆ ಕೊರೆದ ಮಡು, ಸುಳಿ. ಮೇಲೆ ಕೃಷ್ಣರಾಜಸಾಗರ, ಕಬಿನಿಯಿಂದ ನೀರು ಬಿಟ್ಟರೆ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. ದಡದ ಊರಿನವರು ಇಲ್ಲಿ ಇಳಿಯಬೇಡಿ ಎಂದು ಕೂಗಿ ಹೇಳುತ್ತಾರೆ, ನಗರದವರು ನಕ್ಕು ಇಳಿಯುತ್ತಾರೆ. ಲೈಫ್ ಜಾಕೆಟನ್ನು ಹೆಗಲ ಬಳಿ ಹಿಡಿದು ಮೇಲೆತ್ತಿದಾಗ ಅದು ಕಿವಿಯವರೆಗೆ ಬಂದರೆ, ನೀರಿನಲ್ಲಿ ಅದು ತಲೆಯಿಂದಲೇ ಕಳಚಿ ಹೋಗುತ್ತದೆ. ಬಿಗಿಯಾಗಿ ಕಟ್ಟಿದ ಮೇಲಷ್ಟೇ ದೋಣಿ ಹತ್ತಬೇಕು.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಕಳೆದ ಮೇಲೆ ಈ ಭಾಗದಲ್ಲಿ ಗುಡುಗು ಮಳೆ ಸಾಮಾನ್ಯ. ಬೋಳು ಬಂಡೆಯ ನೆತ್ತಿಯಲ್ಲಿ ನಿಂತವರಿಗಿಂತ ಎತ್ತರದ್ದು ಸುತ್ತಲೆಲ್ಲೂ ಇರುವುದಿಲ್ಲ. ರಾಜ್ಯ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಮುನ್ಸೂಚನೆ ಕೊಡುತ್ತದೆ. ಗುಂಪು ಕರೆದೊಯ್ಯುವವರ ಫೋನಿನಲ್ಲಿ ಅದು ಇರಲೇಬೇಕು. ಬಂಡೆಯ ಇಳಿಜಾರಿಗೆ ಹೆಜ್ಜೇನು ಕಟ್ಟಿದ್ದರೆ ಹೊಗೆ, ಸುಗಂಧ, ಗದ್ದಲ ಯಾವುದಾದರೂ ಸಾಕು, ಅವು ಎದ್ದುಬಿಡುತ್ತವೆ. ಹಗ್ಗದಲ್ಲಿ ನೇತಾಡುತ್ತಿರುವವರು ಓಡುವುದೆಲ್ಲಿಗೆ?

ಬಿದ್ದವರನ್ನು ಎತ್ತುವವರು ಯಾರು ಎಂಬುದನ್ನೂ ಈಗಲೇ ಯೋಚಿಸಬೇಕು. 2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಬಳಿ ಬಂಡೆಯಿಂದ ಜಾರಿ ಸಿಕ್ಕಿಬಿದ್ದ 19 ವರ್ಷದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಯಲಹಂಕ ವಾಯುನೆಲೆ ಹತ್ತಿರವಿದ್ದದ್ದು ಅವನ ಪುಣ್ಯ. ಸಾವನದುರ್ಗದಲ್ಲಿ ಬಿದ್ದವರಿಗೂ ಆ ಭಾಗ್ಯ ಸಿಗುತ್ತದೆಂಬ ಖಾತ್ರಿಯಿಲ್ಲ. ಅಲ್ಲಿ ಮೊದಲು ಓಡಿ ಬರುವವರು ಊರ ಹುಡುಗರೇ. ಅವರಿಗೆ ಸ್ಟ್ರೆಚರ್ ಇಲ್ಲ, ಹಗ್ಗದ ತರಬೇತಿ ಇಲ್ಲ.

ನಿಯಮ ಬೇಕೆಂಬ ಬುದ್ಧಿ ನೆರೆಯ ತಮಿಳುನಾಡಿಗೆ ಬಂದದ್ದು ಬೆಲೆ ತೆತ್ತ ಮೇಲೆ. 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿಯ ಕಾಡುಬೆಂಕಿಗೆ ವಾರಾಂತ್ಯದ ಚಾರಣಕ್ಕೆ ಬಂದಿದ್ದ 20ಕ್ಕೂ ಹೆಚ್ಚು ಜನ ಬಲಿಯಾದರು. ಚಾರಣ ನಿಯಂತ್ರಣದ ನಿಯಮಗಳು ಹುಟ್ಟಿದ್ದು ಆ ಬೂದಿಯ ಮೇಲೆ. ಹಿಮಾಚಲದಲ್ಲಿ ರ‍್ಯಾಫ್ಟಿಂಗ್, ಪ್ಯಾರಾಗ್ಲೈಡಿಂಗ್‌ಗೆ ಪ್ರತ್ಯೇಕ ನಿಯಮಗಳಿದ್ದೂ ಸಾವು ನಿಂತಿಲ್ಲ. ಕಾಗದದ ಜೊತೆಗೆ ಬೆಟ್ಟದ ಬುಡದಲ್ಲಿ ತಪಾಸಣೆಯೂ ನಡೆಯಬೇಕೆಂಬುದನ್ನು ನಾವು ಅಲ್ಲಿಂದ ಕಲಿಯಬೇಕು.

ಗೇಟಿನಲ್ಲಿ ಸಹಿ ಹಾಕಿಸಿಕೊಳ್ಳುವ 'ಏನಾದರೂ ಆದರೆ ನಾವು ಹೊಣೆಯಲ್ಲ' ಎಂಬ ಚೀಟಿಯನ್ನು ನಂಬಿ ಮಾಲೀಕರು ನಿಶ್ಚಿಂತರಾಗಬಾರದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, ಸತ್ತವರ ಸಹಿಯಿಂದ ಆ ಅಪರಾಧ ಅಳಿಯುವುದಿಲ್ಲ.

ಸಾವಿನ ಲೆಕ್ಕ ಪೊಲೀಸರ ಬಳಿ ಸಿಗುತ್ತದೆ. ಕೂದಲೆಳೆಯಲ್ಲಿ ತಪ್ಪಿದ್ದರ ಲೆಕ್ಕ ಎಲ್ಲಿದೆ? ಅರ್ಧ ದಾರಿಯಲ್ಲಿ ನಿಂತ ಜಿಪ್‌ಲೈನ್, ಮಗುಚಿದ ಕಯಾಕ್, ತೆರೆದುಕೊಂಡ ಬಕಲ್: ದುರಂತ ಮುಂಚಿತವಾಗಿ ಕಳಿಸುವ ಸುದ್ದಿ ಇವೇ. ಇವನ್ನು ಬರೆದಿಡುವ ಪುಸ್ತಕ ಪ್ರತಿ ಶಿಬಿರದಲ್ಲೂ ಕಡ್ಡಾಯವಾಗಬೇಕು. ಬರೆದವರಿಗೆ ದಂಡ ಬೇಡ, ಮುಚ್ಚಿಟ್ಟವರಿಗೆ ಬೀಗ ಬೀಳಲಿ. ಸಲಕರಣೆ ಪರೀಕ್ಷಿಸುವ ಜ್ಞಾನಕ್ಕೆ ಹೊರಗೆ ಹುಡುಕಬೇಕಿಲ್ಲ, ರಾಜ್ಯದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಪ್ರವಾಸೋದ್ಯಮ ಇಲಾಖೆ ಅದರ ಬೋಧಕರನ್ನು ಜೊತೆಗಿಟ್ಟುಕೊಂಡು ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದ ಪ್ರತಿ ಜಿಪ್‌ಲೈನ್, ಪ್ರತಿ ಹಗ್ಗದಾಟದ ಕಂಬವನ್ನು ಮುಂದಿನ ಮಳೆಗಾಲಕ್ಕೆ ಮೊದಲು ಪರೀಕ್ಷಿಸಲಿ. ಪರೀಕ್ಷಿಸಿದವರ ಹೆಸರು, ದಿನಾಂಕವಿರುವ ಫಲಕವನ್ನು ಟಿಕೆಟ್ ಕೌಂಟರ್ ಪಕ್ಕದಲ್ಲೇ, ಕನ್ನಡದಲ್ಲಿ ಹಾಕಿಸಲಿ. ಫಲಕವಿಲ್ಲದ ಕಡೆ ಟಿಕೆಟ್ ಹರಿಯುವುದು ನಿಲ್ಲಬೇಕು.