ಗಾಳಿಯನ್ನು ಚಿತ್ರಿಸಿದವನು
ಗಾಳಿಯನ್ನು ಕಾಗದದ ಮೇಲೆ ತಂದ ಕಲಾವಿದರು ವಿರಳ. ಫ್ರಾನ್ಸಿನ ಯುಜೀನ್ ಬೂದಾಂ ಅವರಲ್ಲೊಬ್ಬ. 1824ರಲ್ಲಿ ನಾರ್ಮಂಡಿಯ ಓನ್‌ಫ್ಲರ್ ಬಂದರಿನಲ್ಲಿ ನಾವಿಕನ ಮಗನಾಗಿ ಹುಟ್ಟಿದವನಿಗೆ ಕಡಲ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. 1860ರ ದಶಕದಲ್ಲಿ ರೈಲು ಬಂದು, ಅದೇ ಕರಾವಳಿಯ ತ್ರೂವಿಲ್‌ನ ಮರಳದಂಡೆ ಪ್ಯಾರಿಸ್ಸಿನ ಶ್ರೀಮಂತರಿಂದ ತುಂಬಿತು. ಆ ಶ್ರೀಮಂತರನ್ನು ಬೂದಾಂ ಪುಟ್ಟ ಜಲವರ್ಣಗಳಲ್ಲಿ ಹಿಡಿದ: ಪೆನ್ಸಿಲ್ಲಿನ ನಾಲ್ಕು ಗೆರೆ, ಮೇಲೆ ತೆಳುವಾಗಿ ಹರಿಸಿದ ಬಣ್ಣ. ಮುಖಗಳಿಗೆ ಕಣ್ಣುಮೂಗಿಲ್ಲ, ಆದರೆ ಉಬ್ಬಿದ ಲಂಗ ನೋಡಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ತಿಳಿಯುತ್ತದೆ. ಬಣ್ಣ ತಾಗದೆ ಉಳಿದ ಕಾಗದವೇ ಬಿಸಿಲು. ಆಕಾಶದ ಅಭ್ಯಾಸಚಿತ್ರಗಳ ಅಂಚಿನಲ್ಲಿ ಅವನು ದಿನಾಂಕ, ಗಳಿಗೆ, ಗಾಳಿಯ ದಿಕ್ಕನ್ನೂ ಬರೆದಿಡುತ್ತಿದ್ದ. ಲಂಕೇಶರ ಅನುವಾದ ‘ಪಾಪದ ಹೂಗಳು’ ಮೂಲಕ ನಮಗೆ ಹತ್ತಿರವಾದ ಕವಿ ಬೋದಿಲೇರ್ ಈ ಅಭ್ಯಾಸಚಿತ್ರಗಳನ್ನು ಕಂಡು ಬೆರಗಾಗಿ 1859ರಲ್ಲೇ ಬರೆದ. ಹದಿಹರೆಯದ ಚಿತ್ರಕಾರ ಮೋನೆಯನ್ನು ಬಯಲಿಗೆ ಕರೆದೊಯ್ದು, ಕಣ್ಣೆದುರಿನ ಬೆಳಕನ್ನು ಅಲ್ಲಿಯೇ ಕೂತು ಚಿತ್ರಿಸಲು ಕಲಿಸಿದವನೂ ಬೂದಾಂನೇ. 1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಗುರುಶಿಷ್ಯರಿಬ್ಬರ ಕೃತಿಗಳೂ ಇದ್ದವು. ಅದೊಂದೇ ಸಾಕು ಅವನನ್ನು ನೆನೆಯಲು, ಆದರೆ ನನಗೆ ಅವನು ಇನ್ನಷ್ಟು ಪ್ರಿಯನಾಗುವುದು ಅವನ ಒಳತೋಟಿಯಿಂದ. ಬ್ರಿಟನಿ ಪ್ರಾಂತ್ಯದ ಬಡ ದುಡಿಮೆಗಾರರ ನಡುವೆ ಇದ್ದು ತ್ರೂವಿಲ್‌ಗೆ ಮರಳಿದಾಗ, ಆ ಸೋಮಾರಿ ಸಿರಿವಂತರನ್ನು ಚಿತ್ರಿಸಲು ನಾಚಿಕೆಯಾಗುತ್ತದೆಂದು ಗೆಳೆಯನಿಗೆ ಪತ್ರ ಬರೆದ. ಮರುವರ್ಷವೇ, ಸಂಜೆಬಿಸಿಲಿಗೆ ಮುಖವೊಡ್ಡಿ ನಡೆಯುವ ಅವರಿಗೂ ಚಿತ್ರದಲ್ಲಿ ಹಕ್ಕಿದೆಯೆಂದು ವಾದಿಸಿದ. ಎರಡೂ ಮಾತು ಪ್ರಾಮಾಣಿಕವೇ. ತ್ರೂವಿಲ್ ಪಕ್ಕದ ತೂಕ್ ನದಿಯ ದಡದಲ್ಲಿ ಮಂಡಿಯೂರಿ ಬಟ್ಟೆ ಒಗೆಯುವ ಹೆಂಗಸರನ್ನು ಅವನು ಮತ್ತೆ ಮತ್ತೆ ಚಿತ್ರಿಸಿದ. ಸಿರಿವಂತರ ಲಂಗಗಳಿಗೆ ಕೊಟ್ಟಷ್ಟೇ ಬೆಳಕನ್ನು ಅವರ ಬಾಗಿದ ಬೆನ್ನುಗಳಿಗೂ ಕೊಟ್ಟ.