ಗುಳೆ ಹೋದವರ ರಕ್ತ ಪರೀಕ್ಷೆ ಯಾವಾಗ?

ಆನೆಕಾಲು ರೋಗ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಸುದ್ದಿಯಾಗದೇ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಸೊಳ್ಳೆ ಕಚ್ಚಿ ಮೈ ಸೇರಿದ ಹುಳು ವರ್ಷಗಟ್ಟಲೆ ಸುಮ್ಮನಿದ್ದು, ಕಾಲು ಬಾತುಕೊಳ್ಳುವ ಹೊತ್ತಿಗೆ ದುಡಿಮೆಯೇ ಕೈತಪ್ಪುತ್ತದೆ. ಈ ರೋಗ ಬೇರೂರಿದ ರಾಜ್ಯದ 9 ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವೂ ಇದೆ.

2004ರಲ್ಲಿ ದೇಶದಲ್ಲಿ ಸಾಮೂಹಿಕ ಮಾತ್ರೆ ಸೇವನೆ ಶುರುವಾಯಿತು. ಮಾತ್ರೆಗೆ ರಕ್ತದಲ್ಲಿನ ಮರಿಹುಳುಗಳು ಸಾಯುತ್ತವೆ. ದೊಡ್ಡ ಹುಳು ಮಾತ್ರ ಐದಾರು ವರ್ಷ ಬದುಕಬಲ್ಲದು. ಹಾಗಾಗಿಯೇ ವರ್ಷಕ್ಕೊಮ್ಮೆಯಂತೆ ಕನಿಷ್ಠ 5 ವರ್ಷ, ಜನಸಂಖ್ಯೆಯ ಶೇ 65ರಷ್ಟು ಮಂದಿಯಾದರೂ ಮಾತ್ರೆ ನುಂಗಬೇಕೆಂಬ ನಿಯಮ. ಪ್ರಶ್ನೆ ಇರುವುದು ಉಳಿದವರ ಬಗ್ಗೆ. ಪ್ರತಿ ವರ್ಷ ತಪ್ಪಿಸಿಕೊಳ್ಳುವವರು ಅದೇ ಜನರಾದರೆ ಹುಳುವಿಗೆ ಅವರ ಮೈಯೇ ಆಸರೆ.

ಹಾಗೆ ತಪ್ಪಿಸಿಕೊಳ್ಳುವವರು ಯಾರೆಂದು ತಿಳಿಯಲು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಲಂಬಾಣಿ ತಾಂಡಾಗಳಿಗೆ ದೀಪಾವಳಿ ಮುಗಿದ ಮೇಲೆ ಹೋಗಿ ನೋಡಿ. ಎಷ್ಟೋ ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ವಯಸ್ಸಾದವರು. ಮುಂಗಡ ಪಡೆದವರು ಮಕ್ಕಳನ್ನೂ ಕಟ್ಟಿಕೊಂಡು ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗೋವಾದ ಕಟ್ಟಡ ಕೆಲಸಕ್ಕೋ ಗುಳೆ ಹೋಗಿರುತ್ತಾರೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಹೊಲಗಳಿಗೆ ನೀರು ಬಂದಿದೆ, ನಿಜ. ಹೊಲವೇ ಇಲ್ಲದವರಿಗೆ ಅದರಿಂದ ಏನು ಸಿಕ್ಕಿತು?

2023ರಿಂದ ರಾಷ್ಟ್ರಮಟ್ಟದ ಮಾತ್ರೆ ಅಭಿಯಾನ ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು ಆರಂಭವಾಗುತ್ತದೆ. ಫೆಬ್ರುವರಿ ಎಂದರೆ ಕಬ್ಬು ಕಟಾವಿನ ಭರಾಟೆ. ರೋಗ ಹರಡುವುದು ನಿಂತಿದೆಯೇ ಎಂದು ತಿಳಿಯಲು ಪರೀಕ್ಷಿಸುವುದೂ 6–7 ವರ್ಷದ ಮಕ್ಕಳನ್ನು, ಹೆಚ್ಚಾಗಿ ಶಾಲೆಗಳಲ್ಲಿ. ಆ ವಯಸ್ಸಿನ ತಾಂಡಾದ ಮಗು ಅಪ್ಪ-ಅವ್ವನ ಜೊತೆ ಕಬ್ಬಿನ ಗದ್ದೆಯ ಬದುವಿನಲ್ಲಿದ್ದರೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅದನ್ನು ಬಿಟ್ಟು ಮಾಡಿದ ಲೆಕ್ಕವನ್ನು ಒಪ್ಪಲು ನನಗಂತೂ ಮನಸ್ಸಿಲ್ಲ.

ಕಡೆಗಣನೆಗೆ ಒಳಗಾದ ರೋಗಗಳು ನೆಲೆ ತಪ್ಪಿದವರನ್ನು ಬೆನ್ನಟ್ಟುವುದು ಹೊಸದೇನಲ್ಲ. 1984ರ ನಂತರದ ಹತ್ತು ವರ್ಷಗಳಲ್ಲಿ ಅಂತರ್ಯುದ್ಧದ ದಕ್ಷಿಣ ಸುಡಾನಿನಲ್ಲಿ ಅಂಥದೇ ಇನ್ನೊಂದು ರೋಗವಾದ ಕಾಲಾ ಅಜಾರ್‌ಗೆ ಸುಮಾರು 1 ಲಕ್ಷ ಜನ ಬಲಿಯಾದರೆಂಬ ಅಂದಾಜಿದೆ. ಅವರನ್ನು ಯುದ್ಧ ಓಡಿಸಿತು, ನಮ್ಮವರನ್ನು ಬರ ಮತ್ತು ಸಾಲ ಓಡಿಸುತ್ತಿವೆ. ಆಸ್ಪತ್ರೆ ದೂರವಾಗುವುದು ಎರಡೂ ಕಡೆ ಒಂದೇ.

ಬಾತ ಕಾಲಿಗೆ ವೈದ್ಯರು ಹೇಳುವ ಆರೈಕೆ ಸರಳ: ದಿನವೂ ಸೋಪು ಹಚ್ಚಿ ತೊಳೆಯಬೇಕು, ಬೆರಳ ಸಂದಿಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಬೇಕು, ಕೂತಾಗ ಕಾಲು ಮೇಲಿಡಬೇಕು. ಕುಡಿಯುವ ನೀರಿಗೇ ಪರದಾಡುವ ಗುಡಿಸಲಲ್ಲಿ, ನಸುಕಿಗೇ ಕುಡುಗೋಲು ಹಿಡಿಯಬೇಕಾದ ಹೆಂಗಸಿಗೆ ಇದೂ ಎಟುಕದು.

ನಗರವೂ ಹೊರತಲ್ಲ. ರೋಗ ಹರಡುವ ಕ್ಯುಲೆಕ್ಸ್ ಸೊಳ್ಳೆ ಬೆಳೆಯುವುದು ಕೊಳಚೆ ನೀರಿನಲ್ಲಿ. ವಿಜಯಪುರದ ತೆರೆದ ಚರಂಡಿಗಳಲ್ಲಿ, ಕೋಟೆಯ ಕಂದಕದಲ್ಲಿ ಹೊಲಸು ನೀರು ನಿಂತರೆ ಅದಕ್ಕೆ ಬೇರೇನೂ ಬೇಕಿಲ್ಲ.

ದೇಶ 2027ಕ್ಕೆ ಈ ರೋಗದ ನಿರ್ಮೂಲನೆಯ ಗುರಿ ಇಟ್ಟುಕೊಂಡಿದೆ. ಅದನ್ನು ಮುಟ್ಟಬೇಕಾದರೆ ಗುಳೆ ವಾಹನ ಹೊರಡುವ ಮುನ್ನ, ದಸರೆಯ ಹೊತ್ತಿಗೇ, ಆಶಾ ಕಾರ್ಯಕರ್ತೆಯರ ಮೂಲಕ ಹೋಗುವವರ ಪಟ್ಟಿ ಮಾಡಿಸಿ. ಮರಿಹುಳು ರಕ್ತದಲ್ಲಿ ಕಾಣುವುದು ರಾತ್ರಿ. ಆದ್ದರಿಂದ ತಾಂಡಾಗಳಲ್ಲೇ ರಾತ್ರಿ ರಕ್ತ ಪರೀಕ್ಷೆ ನಡೆಸಿ, ಸೋಂಕು ಕಂಡವರಿಗೆ ಅಲ್ಲೇ ಮಾತ್ರೆ ಕೊಡಿ. ಜಿಲ್ಲಾಡಳಿತ ಈ ವರ್ಷವೇ ಇಷ್ಟನ್ನು ಮಾಡಲಿ.