ಮುಚ್ಚಿಟ್ಟ ವೋಚರು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ದಿನದ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಬೇಕು. ಬಹಳ ಸಲ ಯಾರದೋ ಮೇಜಿನ ಖಾನೆಯಲ್ಲಿ ಒಂದು ವೋಚರು ಉಳಿದುಬಿಟ್ಟಿರುತ್ತಿತ್ತು. ಎಂಟು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಅಂಥ ಒಂದು ವೋಚರನ್ನು ನಾನೇ ಮುಚ್ಚಿಟ್ಟೆ. ಮಕ್ಕಳೇ, ಈ ವಾರ ಆ ಕಥೆ. ಅಜ್ಜ ಅಜ್ಜಿಗೂ ಓದಿ ಹೇಳಿ.

ಕಾರ್ತಿಕದ ಕಡೇ ಸೋಮವಾರ. ಬಸವನಗುಡಿಯ ಪರಿಷೆಯಿಂದ ಎರಡು ಸೇರು ಹುರಿದ ಕಡಲೆಕಾಯಿ ತಂದಿದ್ದೆ. ಮೊಮ್ಮಗನಿಗೆ ಆಗ ಎರಡು ವರ್ಷ. "ತಾತ, ಬೀಜ" ಎಂದು ಕೈಯೊಡ್ಡಿದ. ಸುಲಿದು ಕೊಟ್ಟೆ. ಬಾಯಿಗೆ ಹಾಕಿಕೊಂಡು ಓಡಿದ, ನಕ್ಕ, ಕೂಡಲೇ ಕೆಮ್ಮತೊಡಗಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ನೆತ್ತಿಗೆ ಹತ್ತಿತು ಎಂದು ತಲೆ ತಟ್ಟಿದೆ. "ಯಾರೋ ನಿನ್ನ ನೆನೆಸ್ಕೋತಿದಾರೆ" ಅಂದೆ. ಐದು ನಿಮಿಷದಲ್ಲಿ ಆಟಕ್ಕೆ ಹೋದ. ಸೊಸೆ ಅಡುಗೆಮನೆಯಲ್ಲಿದ್ದಳು. ಬೈಯುತ್ತಾಳೆಂದು ಹೇಳಲಿಲ್ಲ.

ನೆತ್ತಿಗೆ ಏನೂ ಹತ್ತುವುದಿಲ್ಲ, ಎಲ್ಲ ಇಳಿಯುವುದು ಕೆಳಕ್ಕೆ. ಶ್ವಾಸನಾಳ ಎದೆಯೊಳಗೆ ಎರಡು ಕವಲಾಗುತ್ತದೆ. ಬಲಗಡೆಯದು ಹೆಚ್ಚು ಅಗಲ, ಹೆಚ್ಚು ನೆಟ್ಟಗೆ. ದಾರಿ ತಪ್ಪಿದ ಬೀಜ ಸಾಮಾನ್ಯವಾಗಿ ಅಲ್ಲಿಗೇ ಜಾರುತ್ತದೆ. ಅಲ್ಲಿ ಕೂತ ಮೇಲೆ ಕೆಮ್ಮು ನಿಂತುಬಿಡಬಹುದು. ಮಗು ಆರಾಮಾಗಿದೆ ಅನ್ನಿಸುವುದೇ ಮೋಸ. ಬೀಜ ಒಳಗಿನ ನೀರು ಹೀರಿ ಉಬ್ಬುತ್ತದೆ, ಸುತ್ತ ಕೆರಳಿಸುತ್ತದೆ. ಅದರಾಚೆಗೆ ಗಾಳಿ ಆಡದೆ ಕಫ ಕಟ್ಟಿ ಸೋಂಕಾಗುತ್ತದೆ. ಕೊನೆಗೆ ಶ್ವಾಸಕೋಶದ ಆ ಭಾಗ ಕೊಳೆತು ಕೀವಿನ ಗೂಡಾಗಬಹುದು. ಡಾಕ್ಟರುಗಳು ಇದಕ್ಕೆ ಲಂಗ್ ಆಬ್ಸೆಸ್ ಎನ್ನುತ್ತಾರೆ. ಬೀಜವೇ ಆಗಬೇಕೆಂದಿಲ್ಲ, ಜೋರಾದ ನ್ಯುಮೋನಿಯಾದಿಂದಲೂ ಬರುತ್ತದೆ.

ನಮ್ಮವನಿಗೆ ವಾರದ ಮೇಲೆ ಕೆಮ್ಮು, ಜ್ವರ. ಹತ್ತಿರದ ಡಾಕ್ಟರು ಸಿರಪ್ ಕೊಟ್ಟರು, ಇಳಿಯಿತು, ಮತ್ತೆ ಬಂತು. ಅವರ ತಪ್ಪೇನಿಲ್ಲ, ನಾನು ಬಾಯಿ ಬಿಟ್ಟಿರಲಿಲ್ಲವಲ್ಲ. ಮೂರನೇ ವಾರ ಜ್ವರ 103 ದಾಟಿತು. ಉಸಿರಿಗೆ ಕೆಟ್ಟ ವಾಸನೆ. ದೊಡ್ಡವರಾದರೆ ಕಫ ಉಗುಳಿ ತೋರಿಸುತ್ತಾರೆ, ಪುಟ್ಟ ಮಕ್ಕಳು ನುಂಗಿಬಿಡುತ್ತಾರೆ.

ಮಕ್ಕಳ ಡಾಕ್ಟರಮ್ಮ ಮೊದಲು ಸ್ಟೆತಸ್ಕೋಪ್ ಇಡಲೇ ಇಲ್ಲ. ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. 52. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಮಗು ಅಳದೆ ಸುಮ್ಮನಿದ್ದಾಗ ಎಣಿಸಬೇಕು. ನೋಟು ಎಣಿಸಿದ ನನಗೆ ಇಷ್ಟು ಎಣಿಸಲು ಬರುತ್ತಿರಲಿಲ್ಲವೇ?

ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಒಂದು ಉಂಗುರ, ಅದರೊಳಗೆ ಗೆರೆ ಎಳೆದಂತೆ ಅಡ್ಡರೇಖೆ. ಅರ್ಧ ತುಂಬಿದ ಚೊಂಬಿನ ಹಾಗೆ ಕೆಳಗೆ ಕೀವು, ಮೇಲೆ ಗಾಳಿ. "ತಾತ, ಇದಕ್ಕೆ ಮುಂಚೆ ಏನಾದ್ರೂ ಗಂಟಲಿಗೆ ಸಿಕ್ಕಿತ್ತಾ?" ಎಂದರು ಡಾಕ್ಟರಮ್ಮ. ಹೇಳಿದೆ. ಕಡಲೆಬೀಜ ಎಕ್ಸ್‌ರೇಗೆ ಕಾಣುವುದಿಲ್ಲ, ಹಾಗಾಗಿ ನಾನು ಹೇಳಿದ್ದೇ ದೊಡ್ಡ ಸುಳಿವಾಯಿತು. ಸೊಸೆ ನನ್ನತ್ತ ನೋಡಿ, "ಆಗಲೇ ಹೇಳಬಾರದಿತ್ತಾ ಮಾವ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಿ.ಟಿ. ಸ್ಕ್ಯಾನ್ ಆಯಿತು. ಆಮೇಲೆ ಮಗುವಿಗೆ ಅರಿವಳಿಕೆ ಕೊಟ್ಟು, ದೀಪವಿರುವ ಕೊಳವೆಯನ್ನು ಬಾಯಿಂದ ಶ್ವಾಸನಾಳಕ್ಕೆ ಇಳಿಸಿ ಬೀಜದ ಚೂರನ್ನು ಹೊರತೆಗೆದರು. ಇದು ಬ್ರಾಂಕೋಸ್ಕೋಪಿ. 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ ಎಂಬ ಡಾಕ್ಟರು ಒಬ್ಬ ರೈತನ ಬಲ ಶ್ವಾಸನಾಳದಿಂದ ಮೂಳೆಯ ಚೂರನ್ನು ಹೀಗೇ ತೆಗೆದಿದ್ದರು. ಅಮೆರಿಕದ ಷೆವಾಲಿಯರ್ ಜಾಕ್ಸನ್ ಇಂಥ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು, ಗುಂಡಿ, ಪಿನ್ನು, ನಾಣ್ಯ ಎಲ್ಲವನ್ನೂ, ಕೂಡಿಟ್ಟಿದ್ದರು. ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನ ಖಾನೆಗಳಲ್ಲಿ ಅವು ಈಗಲೂ ಇವೆ. ನಮ್ಮ ಬೀಜವನ್ನು ಮಾತ್ರ ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

ಬೀಜ ಬಂತೆಂದು ಕೀವು ಹೋಗಲಿಲ್ಲ. ಎರಡು ವಾರ ರಕ್ತನಾಳಕ್ಕೆ ಆಂಟಿಬಯೋಟಿಕ್, ಮತ್ತೆ ನಾಲ್ಕು ವಾರ ಬಾಯಿಗೆ. ಬಹುಪಾಲು ಮಕ್ಕಳಿಗೆ ಔಷಧದಲ್ಲೇ ವಾಸಿಯಾಗುತ್ತದಂತೆ. ಬಗ್ಗದಿದ್ದರೆ ಎದೆಯ ಹೊರಗಿನಿಂದ ಸಣ್ಣ ಕೊಳವೆ ತೂರಿಸಿ ಕೀವು ಬಸಿಯುತ್ತಾರೆ. ಶಸ್ತ್ರಚಿಕಿತ್ಸೆ ಅಪರೂಪ. ಐದನೇ ದಿನ ಜ್ವರ ಬಿಟ್ಟಾಗ, "ಇನ್ನು ಮನೆಗೆ ಹೋಗೋಣ" ಎಂದವನೂ ನಾನೇ. ಡಾಕ್ಟರಮ್ಮ ಒಪ್ಪಲಿಲ್ಲ. ನಡುವೆ ಬಿಟ್ಟರೆ ಉಳಿದ ಸೋಂಕು ಮತ್ತೆ ತಲೆಯೆತ್ತುತ್ತದೆ ಎಂದರು.

ನನ್ನ ಓರಗೆಯವರೇ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಬೇಡ, ಪುಡಿ ಮಾಡಿ ಕೊಡಿ. ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕಾಣದೆ ಬಾಯಿಗೆ ಬೆರಳು ಹಾಕಬೇಡಿ. ಕೆಮ್ಮು ನಿಂತರೂ ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ.

ಕಡೆಯ ಎಕ್ಸ್‌ರೇ ತಿಳಿಯಾಗಲು ಮೂರು ತಿಂಗಳಾಯಿತು. ಅವನೀಗ ಐದನೇ ಕ್ಲಾಸು. ಈ ಸಲ ಪರಿಷೆಯಲ್ಲಿ ಕಡಲೆಕಾಯಿ ಪೊಟ್ಟಣ ಅವನ ಕೈಯಲ್ಲಿತ್ತು. "ಕೂತು ತಿನ್ನು" ಎಂದೆ. "ಕೂತೇ ಇದ್ದೀನಲ್ಲ ತಾತ" ಎಂದು ನಕ್ಕ.